ಫಿಲಿಪೈನ್ಸಿನ ಹವಾಗುಣ ಶಾಸನ: ಒಂದು ವಿವೇಚನೆ

2009ನೆಯ ಸೆಪ್ಟೆಂಬರ್ 26ರಂದು ಒಂಡಾಯ್ ಚಂಡಮಾರುತದ ಮಳೆಯಿಂದ ಮನಿಲಾ ನಗರವು ಜಲಾವೃತವಾಯಿತು. ತಿಂಗಳು ತುಂಬುವುದರೊಳಗೆ, ಅಕ್ಟೋಬರ್ 23ರಂದು, ಅಧ್ಯಕ್ಷೆ ಗ್ಲೋರಿಯಾ ಅರೊಯೊ ಅವರು ಹವಾಗುಣ ಬದಲಾವಣೆಯ ಶಾಸನಕ್ಕೆ ಅಂಕಿತ ಹಾಕಿದರು. ಶಾಸನವು ನೆರೆಯ ಫಲವೆಂದು ಇದರಿಂದ ಊಹಿಸುವುದು ಸುಲಭ. ಆದರೆ ಈ ಊಹೆ ಒಪ್ಪತಕ್ಕುದಲ್ಲ. ಹಲವು ಇಲಾಖೆಗಳ ಅಧಿಕಾರಿಗಳನ್ನೊಳಗೊಂಡ ಸಮಿತಿಯೊಂದು ಅಲ್ಲಿ 1991ರಲ್ಲಿಯೇ ಸ್ಥಾಪಿತವಾಗಿದ್ದಿತು; 2007ರಲ್ಲಿ ಅಧ್ಯಕ್ಷರ ಕಾರ್ಯಪಡೆಯೂ ಹುಟ್ಟಿತು. ಮಸೂದೆಯೂ ನೆರೆಗೆ ಮುಂಚೆಯೇ ಶಾಸನಸಭೆಯ ಮುಂದಿದ್ದಿತು. ನೆರೆ ತಂದುದು ತ್ವರೆಯನ್ನು ಮಾತ್ರ.

ಹಿಂದಿನ ಆ ಎರಡು ಸಂಸ್ಥೆಗಳು ಕೇವಲ ಆಡಳಿತಾಜ್ಞೆಯಿಂದ ಹುಟ್ಟಿದವು; ಹುಟ್ಟಿಸಿದ ಕೈಯೇ ಅವನ್ನು ಅಳಿಸಬಹುದಾಗಿದ್ದಿತು. ಅವುಗಳ ಸ್ಥಾನದಲ್ಲಿ ಬಂದ ಆಯೋಗಕ್ಕಾದರೋ ಕಾಯಿದೆಯ ಆಧಾರವೂ ರಾಷ್ಟ್ರಾಧ್ಯಕ್ಷರ ನೇತೃತ್ವವೂ ಒದಗಿದವು. ನನ್ನ ಅಭಿಪ್ರಾಯದಲ್ಲಿ ಶಾಸನದ ನಿಜವಾದ ಹೊಸತನ ಇದೇ. ಇಲಾಖೆಗಳನ್ನು ಹೊಂದಿಸುವುದು ಆಯೋಗದ ಕೆಲಸ. ಆಯಾ ಊರಿನ ಯೋಜನೆಯನ್ನು ರಚಿಸಿ ನಡೆಸುವ ಭಾರವಾದರೋ ಸ್ಥಳೀಯ ಸಂಸ್ಥೆಗಳ ಮೇಲೆ ಬಿದ್ದಿತು. ಅದಕ್ಕೆ ಹಣವೆಲ್ಲಿ? 100 ಕೋಟಿ ಪೆಸೊಗಳ ಆರಂಭ ಮೊತ್ತದೊಡನೆ ಪ್ರತ್ಯೇಕ ನಿಧಿಯೊಂದನ್ನು ಏರ್ಪಡಿಸಿದ ತಿದ್ದುಪಡಿ ಬಂದುದು 2012ರಲ್ಲಿ, ಮೂರು ವರ್ಷಗಳ ತರುವಾಯ!

2013ರ ನವೆಂಬರಿನ ಯೋಲಾಂಡಾ ಚಂಡಮಾರುತದಲ್ಲಿ 6,000ಕ್ಕೂ ಮಿಕ್ಕು ಜನ ಮಡಿದರು. ಇಷ್ಟಕ್ಕೂ ಶಾಸನವೇ ಹೊಣೆಯೆನ್ನುವುದು ಸಲ್ಲದು. ಮುನ್ಸೂಚನೆ ಸಕಾಲಕ್ಕೆ ಹೊರಟಿದ್ದಿತು. ಆದರೆ ಕಡಲುಬ್ಬರವನ್ನು ಕುರಿತು ಅದರಲ್ಲಿ ಬಳಸಿದ ಇಂಗ್ಲಿಷ್ ಪಾರಿಭಾಷಿಕ ಪದವು ಟಕ್ಲೋಬಾನ್ ಕರಾವಳಿಯ ಅನೇಕರಿಗೆ ಅರ್ಥವಾಗಲಿಲ್ಲ.