ವಂಶಾವಳಿ, ಇಲಿ ಮತ್ತು ಸ್ತನ ಕ್ಯಾನ್ಸರ್
1399ರಲ್ಲಿ ಯದುರಾಯರು ಹದಿನಾರಿನ ಒಡೆಯನ ಮಗಳನ್ನು ವರಿಸಿದರೆಂದೂ ಮೈಸೂರು ಅರಸುಮನೆತನ ಅಲ್ಲಿಂದ ಬೆಳೆಯಿತೆಂದೂ ಐತಿಹ್ಯವಿದೆ. ರಾಜ್ಯ ಬಂದುದು ಮಗಳ ಮೂಲಕ. ವಂಶಾವಳಿಯ ಎಣಿಕೆ ಮಾತ್ರ ಅಳಿಯನಿಂದ. ಸ್ತನ ಕ್ಯಾನ್ಸರಿನ ಅನುವಂಶೀಯತೆಯನ್ನು ಅರಿಯಲು ಇಂಥ ಏಕಮುಖ ವಂಶಾವಳಿ ಸಾಲದು.

ಅಮೆರಿಕದ ಗ್ರ್ಯಾನ್‌ಬಿಯಲ್ಲಿ ಇಲಿ ಸಾಕುತ್ತಿದ್ದ ಅಬಿ ಲ್ಯಾಥ್ರಾಪ್ ತಳಿಗಳ ದಾಖಲೆಯನ್ನು ಜೋಪಾನವಾಗಿ ಇಟ್ಟಿದ್ದರು. ಅವರೂ ರೋಗಶಾಸ್ತ್ರಜ್ಞ ಲಿಯೊ ಲೋಬ್ ಅವರೂ 1910ರ ದಶಕದಲ್ಲಿ, ಸ್ತನದ ಗಡ್ಡೆಯ ಪ್ರಮಾಣವು ತಳಿಯಿಂದ ತಳಿಗೆ ಭಿನ್ನವೆಂದು ತೋರಿಸಿದರು. 1994ರಲ್ಲಿ ಮಾನವರ ಬಿಆರ್‌ಸಿಎ-1 ವಂಶವಾಹಿಯನ್ನು ಪ್ರತ್ಯೇಕಿಸಲಾಯಿತು. ಅದರ ಎರಡೂ ಪ್ರತಿಗಳು ಕೆಟ್ಟರೆ ಇಲಿಯ ಭ್ರೂಣವೇ ಉಳಿಯದು. ಆದುದರಿಂದ ಸ್ತನದ ಜೀವಕೋಶಗಳಲ್ಲಷ್ಟೇ ಅದನ್ನು ಅಳಿಸಿದ ಇಲಿಗಳಲ್ಲಿ ಗಡ್ಡೆ ಬೆಳೆಯುವುದನ್ನು 1999ರಲ್ಲಿ ತೋರಿಸಲಾಯಿತು.

ಮನುಷ್ಯರಲ್ಲಿ ಈ ದೋಷವು ತಾಯಿಯಿಂದಲೂ ತಂದೆಯಿಂದಲೂ ಬರಬಲ್ಲದು. ಮನೆತನದ ಚರಿತ್ರೆಯಲ್ಲಿ ಅಜ್ಜಿ, ಸೋದರತ್ತೆ, ಚಿಕ್ಕಮ್ಮಂದಿರಿಗೂ ಸ್ಥಾನ ದೊರೆತಾಗಲೇ ಅದು ಜೀವ ಉಳಿಸುವ ದಾಖಲೆಯಾದೀತು.