ಬಾಡಿಗೆಯ ಕರಾರು: ಅದರ ಪೂರ್ವಕಥೆ

ಹೊರನಾಡಿನ ಅನ್ನಪೂರ್ಣೇಶ್ವರಿಯ ಸನ್ನಿಧಿಯಲ್ಲಿ ಬಂದವರಿಗೆಲ್ಲ ಊಟವುಂಟು. ದೂರದವರಿಗೆ ತಂಗಲು ಎಡೆಯೂ ಉಂಟು. ಆದರೆ ಅಲ್ಲಿ ಇರುಳು ಕಳೆದ ಯಾತ್ರಿಕನಿಗೆ ಆ ಕೋಣೆಯ ಮೇಲೆ ಹಕ್ಕು ಹುಟ್ಟುವುದಿಲ್ಲ. ಅದೇ ಬೆಟ್ಟಸೀಮೆಯ ಕಳಸದಲ್ಲಿಯೋ ಮೂಡಿಗೆರೆಯಲ್ಲಿಯೋ ಗೃಹಸ್ಥನೊಬ್ಬನು ತನ್ನ ಮನೆಯ ಎರಡು ಕೋಣೆಗಳನ್ನು ಉಪಾಧ್ಯಾಯರೊಬ್ಬರಿಗೆ ಬಾಡಿಗೆಗೆ ಕೊಟ್ಟರೆ ಹಕ್ಕು ಹುಟ್ಟುವುದು. ಆ ಹಕ್ಕು ಎಲ್ಲಿಂದ ಎಲ್ಲಿಯವರೆಗೆ ಎಂಬುದನ್ನು ಹೇಳತಕ್ಕದ್ದು ಕರಾರುಪತ್ರ.

ಪರರ ಸೊತ್ತನ್ನು ಅನುಭವಿಸುವ ಬಗೆಗಳನ್ನು ನಮ್ಮ ಪೂರ್ವಿಕರು ಸೂಕ್ಷ್ಮವಾಗಿ ವಿಂಗಡಿಸಿದ್ದರು. ಕಾಪಾಡುವುದಕ್ಕಷ್ಟೇ ಇಟ್ಟ ಅಡವು ಗೋಪ್ಯ. ಅನುಭವಿಸುವುದಕ್ಕೆ ಕೊಟ್ಟದ್ದು ಭೋಗ್ಯ. ಯಾಜ್ಞವಲ್ಕ್ಯಸ್ಮೃತಿಯ ಈ ವಿಚಾರಗಳಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಆರನೆಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿದ್ದವನು. ಇಂದಿಗೂ ಕನ್ನಡನಾಡಿನ ಪಟ್ಟಣಗಳಲ್ಲಿ ಒಂದು ಮೊತ್ತವನ್ನು ಒಮ್ಮೆಗೇ ಕೊಟ್ಟು, ತಿಂಗಳ ಬಾಡಿಗೆಯಿಲ್ಲದೆ ಮನೆಯಲ್ಲಿದ್ದು, ಅವಧಿ ಮುಗಿದಾಗ ಆ ಮೊತ್ತವನ್ನು ಹಿಂದಕ್ಕೆ ಪಡೆಯುವುದನ್ನು ಜನರು ಭೋಗ್ಯವೆಂದೇ ಕರೆಯುವರು.

ಮಲೆನಾಡಿನಲ್ಲಿ ಹೆಚ್ಚು ಬಳಕೆಯ ಮಾತು ಗೇಣಿ. ಗದ್ದೆ, ಅಡಿಕೆ ತೋಟಗಳ ಗೇಣಿ ಎಷ್ಟೋ ಕಡೆ ಬಾಯಿಮಾತಿನಿಂದಲೇ ನಡೆಯುತ್ತಿದ್ದಿತು. 1974ರ ಮಾರ್ಚ್ 1ರಂದು ತಿದ್ದುಪಡಿಯಾದ ಭೂಸುಧಾರಣೆಯ ಕಾಯಿದೆ ಜಾರಿಗೆ ಬಂದು, ಗೇಣಿಯ ಭೂಮಿ ಸರ್ಕಾರಕ್ಕೆ ಸೇರಿ, ಉಳುವವರು ಏಳನೆಯ ನಮೂನೆಯಲ್ಲಿ ಅರ್ಜಿ ಹಾಕಿದಾಗ, ಬರಹವಿಲ್ಲದಿದ್ದುದರ ಕಷ್ಟವನ್ನು ಒಡೆಯನೂ ಗೇಣಿದಾರನೂ ಉಂಡರು. ಕಾಫಿ ತೋಟಗಳು ಬಹುಮಟ್ಟಿಗೆ ಇದರ ಹೊರಗುಳಿದವು. ಉಪಾಧ್ಯಾಯರ ಬಾಡಿಗೆಯ ಕೋಣೆಯು ಈ ಕಾಯಿದೆಗೆ ಒಳಪಟ್ಟುದಲ್ಲ. ಆದರೆ ಇದರ ಪಾಠವು ಅದಕ್ಕೂ ಸಲ್ಲುವುದು.

ಮನೆಬಾಡಿಗೆಯ ನಿಯಮಗಳ ಮೂಲವು 1882ರ ಸ್ವತ್ತು ಹಸ್ತಾಂತರ ಕಾಯಿದೆ. ವರ್ಷಕ್ಕೆ ಮೀರಿದ ಅವಧಿಯ ಕರಾರನ್ನು ನೋಂದಾಯಿಸಲೇಬೇಕೆಂದು ಅದು ವಿಧಿಸಿದುದರಿಂದಲೇ ಹನ್ನೊಂದು ತಿಂಗಳ ರೂಢಿ ಬೆಳೆಯಿತು. ಅದೇ ವರ್ಷದ ಮತ್ತೊಂದು ಕಾಯಿದೆಯು ಬರಿಯ ಅನುಮತಿಯಿಂದ ಇರುವವನನ್ನು ಬೇರೆಯಾಗಿ ಗುರುತಿಸಿತು. ಪತ್ರಕ್ಕೆ ಯಾವ ಹೆಸರನ್ನಿಟ್ಟರೇನು, ಉಭಯರ ನಿಜವಾದ ಉದ್ದೇಶವೇ ಮುಖ್ಯವೆಂದು 1959ರಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿತು. 1999ರ ಕರ್ನಾಟಕ ಬಾಡಿಗೆ ಅಧಿನಿಯಮವು ತಾನು ಅನ್ವಯಿಸುವ ಎಡೆಗಳಲ್ಲಿ ಕರಾರು ಬರಹದಲ್ಲಿಯೇ ಇರಬೇಕೆಂದಿತು.

ಇಡೀ ಮನೆಯನ್ನು ಕೊಡುವಾಗ ಗೋಡೆಯೇ ಎಲ್ಲೆ. ಮನೆಯ ಒಂದು ಪಾಲನ್ನು ಕೊಡುವಾಗಲಾದರೋ ಎಲ್ಲೆಯನ್ನು ಅಕ್ಷರವೇ ಹಾಕಬೇಕು. ಕೋಣೆಗಳು ಬಾಡಿಗೆದಾರನವು, ಜಗಲಿ ಯಾರದು? ಬಚ್ಚಲಿನ ಹಂಡೆ ಇಬ್ಬರಿಗೂ ಸೇರಿದ್ದೆ? ಅಬ್ಬಿಯ ನೀರು ಬೇಸಗೆಯಲ್ಲಿ ಸಣ್ಣದಾದಾಗ ಯಾರಿಗೆ ಮೊದಲು? ಕೊಯ್ಲಿನ ತಿಂಗಳುಗಳಲ್ಲಿ ಕಾಫಿ ಒಣಗಿಸುವ ಕಣದಲ್ಲಿ ಬಾಡಿಗೆದಾರನು ವಾಹನ ನಿಲ್ಲಿಸಬಹುದೆ? ಮಳೆಗಾಲಕ್ಕೆ ಮುಂಚೆ ಹಂಚು ಕೈಯಾಡಿಸುವ ಖರ್ಚು ಯಾರದು? ಬಾಡಿಗೆ, ಮುಂಗಡ, ಅವಧಿ, ತೆರವಿನ ನೋಟೀಸು ಇವುಗಳೊಡನೆ ಇವೂ ಪತ್ರದಲ್ಲಿರತಕ್ಕವು. ಸಹಜವಾದ ಸವಕಳಿಯನ್ನು ಬಿಟ್ಟು ಉಳಿದ ಹಾನಿಗೆ ಮಾತ್ರ ಬಾಡಿಗೆದಾರನು ಹೊಣೆ. ಆದುದರಿಂದ ಕೊಡುವ ದಿನದ ಗೋಡೆ, ಕಿಟಕಿ, ಬೀಗಗಳ ಸ್ಥಿತಿಯನ್ನು ಬರೆದು ಇಬ್ಬರೂ ರುಜು ಹಾಕುವುದು ಲೇಸು. ಮುಂಗಡದ ಹಣ ಹಿಂದಿರುಗುವಾಗ ಏಳುವ ಜಗಳವು ಇದರಿಂದ ಬಹುಮಟ್ಟಿಗೆ ತಪ್ಪುವುದು.

ಪರಿಚಿತರೊಡನೆ ಪತ್ರವೇಕೆ ಎಂದು ಕೆಲವರು ಸಂಕೋಚಪಡುವರು. ಒಂದೇ ಛಾವಣಿಯ ಕೆಳಗೆ ಬಾಳಬೇಕಾದವರಿಗೇ ಪತ್ರದ ಅಗತ್ಯ ಹೆಚ್ಚು. ಒಡೆಯನು ತನ್ನ ಮನೆ ಕೈತಪ್ಪೀತೆಂದು ಅಂಜುವನು. ಬಾಡಿಗೆದಾರನು ಮಳೆಯ ನಡುವೆ ಬೀದಿಗೆ ಬಿದ್ದೇನೆಂದು ಅಂಜುವನು. ಎರಡು ಅಂಜಿಕೆಗಳನ್ನೂ ಮುಂಚೆಯೇ ಕೇಳಿ ಬರೆದಿಟ್ಟ ಕರಾರು ಅಪನಂಬಿಕೆಯ ಗುರುತಲ್ಲ, ನೆರೆಹೊರೆತನದ ತಳಹದಿ.