ಬೋರ್ ಮಾಡಿಸಿದ ಹಳೆಯ ಬೈಕಿಗೆ ಇಗ್ನಿಷನ್ ಟೈಮಿಂಗ್: ಸದ್ದು ಕೇಳಿ ಇಟ್ಟರೆ ಸಾಕೇ?

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಮುಚ್ಚಿತು. ಆದರೆ ಅಲ್ಲಿ ತಯಾರಾದ ಜಾವಾ, ಯೆಜ್ಡಿ ಬೈಕುಗಳು ಇಂದಿಗೂ ನಮ್ಮ ರಸ್ತೆಗಳಲ್ಲಿ ಓಡುತ್ತಿವೆ. ಅಪ್ಪನದೋ ಅಜ್ಜನದೋ ಬೈಕನ್ನು ಹೊರತೆಗೆದು, ಬೋರ್ ಮಾಡಿಸಿ, ಹೊಸ ಪಿಸ್ಟನ್ ಹಾಕಿಸುವವರೂ ಬಹಳ ಮಂದಿ. ಈ ಕೆಲಸದ ಕೊನೆಯ ಹಂತದಲ್ಲಿ ಸಾಮಾನ್ಯವಾಗಿ ಕೇಳುವ ಮಾತು: "ಗೇಜ್ ಎಲ್ಲಾ ಯಾಕೆ ಸಾರ್, ಸೌಂಡಲ್ಲೇ ಗೊತ್ತಾಗುತ್ತೆ." ಇದು ನಿಜವೇ? 250 ಸಿಸಿ ಯೆಜ್ಡಿಯನ್ನೇ ಉದಾಹರಣೆಯಾಗಿಟ್ಟುಕೊಂಡು ನೋಡೋಣ.

ಟೈಮಿಂಗ್ ಎಂದರೇನು?

ಸಿಲಿಂಡರಿನೊಳಗೆ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ಒಮ್ಮೆಲೇ ಸಿಡಿಯುವುದಿಲ್ಲ. ಪ್ಲಗ್ಗಿನ ಬಳಿ ಹೊತ್ತಿದ ಜ್ವಾಲೆ ಹರಡುತ್ತಾ ಹೋಗುತ್ತದೆ, ಅದಕ್ಕೆ ಸಮಯ ಬೇಕು. ಆ ಸಮಯ 2 ಮಿಲಿಸೆಕೆಂಡ್ ಎಂದಿಟ್ಟುಕೊಳ್ಳಿ. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುತ್ತಿದ್ದರೆ ಒಂದು ಸುತ್ತಿಗೆ ಹಿಡಿಯುವುದು 20 ಮಿಲಿಸೆಕೆಂಡ್ ಮಾತ್ರ. ಅಂದರೆ ಉರಿ ಹರಡುವಷ್ಟರಲ್ಲಿ ಕ್ರ್ಯಾಂಕ್ 36 ಡಿಗ್ರಿ ತಿರುಗಿರುತ್ತದೆ. ಹಾಗಾಗಿ ಪಿಸ್ಟನ್ ತುದಿ ಮುಟ್ಟುವ ಮೊದಲೇ ಕಿಡಿ ಹಾರಬೇಕು. ಇದನ್ನೇ ಅಡ್ವಾನ್ಸ್ ಎನ್ನುತ್ತಾರೆ. ಪಿಸ್ಟನ್ ತುದಿ ದಾಟಿ ಸ್ವಲ್ಪ ಕೆಳಗಿಳಿಯುವಾಗ ಒತ್ತಡ ಅತಿ ಹೆಚ್ಚಾಗಿರಬೇಕು ಎಂಬುದು ಇದರ ಉದ್ದೇಶ.

ಕಿವಿ ಏಕೆ ಮೋಸ ಮಾಡುತ್ತದೆ?

ನಿಂತಿರುವ ಬೈಕಿನಲ್ಲಿ ಟೈಮಿಂಗ್ ಅಡ್ವಾನ್ಸ್ ಮಾಡಿದರೆ ಐಡ್ಲಿಂಗ್ ಏರುತ್ತದೆ, ಸದ್ದು ಚುರುಕಾಗುತ್ತದೆ. ಕೇಳಿದವರಿಗೆ "ಪವರ್ ಬಂತು" ಎನಿಸುತ್ತದೆ. ಆದರೆ ಆಗ ಎಂಜಿನ್ನಿನ ಮೇಲೆ ಭಾರವೇ ಇರುವುದಿಲ್ಲ. ಅದೇ ಬೈಕಿನಲ್ಲಿ ಇಬ್ಬರು ಕುಳಿತು ಘಾಟಿ ಹತ್ತಿದಾಗ, ಜ್ವಾಲೆ ತಲುಪುವ ಮೊದಲೇ ಉಳಿದ ಮಿಶ್ರಣ ತಾನಾಗಿ ಹೊತ್ತಿಕೊಂಡು 'ಟಿಣ್ ಟಿಣ್' ಎಂದು ನಾಕಿಂಗ್ ಶುರುವಾಗಬಹುದು. ಇದು ಮುಂದುವರಿದರೆ ಪಿಸ್ಟನ್ ತಲೆ ಕರಗಿ ತೂತು ಬೀಳುವ ಅಪಾಯವಿದೆ. ಕಿಕ್ ಹೊಡೆಯುವಾಗ ಪೆಡಲ್ ಹಿಂದಕ್ಕೆ ಒದ್ದು ಕಾಲಿಗೆ ಪೆಟ್ಟಾಗುವುದೂ ಉಂಟು.

"ಹಾಗಾದರೆ ರನ್ನಿಂಗ್-ಇನ್ ಮುಗಿಯುವವರೆಗೆ ತಡವಾಗಿ ಇಟ್ಟರೆ ಸುರಕ್ಷಿತ" ಎಂಬ ಮಾತೂ ತಪ್ಪು. ಕಿಡಿ ತಡವಾದರೆ ಶಕ್ತಿ ಕಡಿಮೆಯಾಗುತ್ತದೆ, ಪೆಟ್ರೋಲ್ ಹೆಚ್ಚು ಬೇಕಾಗುತ್ತದೆ, ಸೈಲೆನ್ಸರ್ ಮತ್ತು ಎಂಜಿನ್ ವಿಪರೀತ ಕಾಯುತ್ತವೆ. ಹೊಸ ಪಿಸ್ಟನ್ನಿಗೆ ಆ ಬಿಸಿಯೇ ಶತ್ರು.

ಹಳೆಯ ಗುರುತು ಸಾಲದೇ?

ಸಾಲದು. ಎಂಜಿನ್ ಬಿಚ್ಚಿ ಜೋಡಿಸಿದಾಗ ಪ್ಲಾಟಿನಂ ಪಾಯಿಂಟ್ ಬದಲಾಗಿರುತ್ತದೆ, ಅದರ ಪ್ಲೇಟ್ ಕದಲಿರುತ್ತದೆ. ಸಿಲಿಂಡರ್ ಹೆಡ್ ಉಜ್ಜಿಸಿದ್ದರೆ ಕಂಪ್ರೆಷನ್ ಹೆಚ್ಚಿ ನಾಕಿಂಗ್ ಇನ್ನೂ ಬೇಗ ಬರುತ್ತದೆ.

ಸರಿಯಾದ ಕ್ರಮ ಹೇಗೆ?

1. ಮೊದಲು ಗ್ಯಾಪ್, ನಂತರ ಟೈಮಿಂಗ್. ಪಾಯಿಂಟ್ ಪೂರ್ತಿ ತೆರೆದಾಗ ಫೀಲರ್ ಗೇಜಿನಲ್ಲಿ ಸುಮಾರು 0.4 ಮಿ.ಮೀ. ಇರಲಿ. ಗ್ಯಾಪ್ ಹೆಚ್ಚಿದರೆ ಪಾಯಿಂಟ್ ಬೇಗ ತೆರೆದು ಟೈಮಿಂಗ್ ಮುಂದೆ ಹೋಗುತ್ತದೆ, ಕಡಿಮೆಯಾದರೆ ಹಿಂದೆ ಬೀಳುತ್ತದೆ. ಆದ್ದರಿಂದ ಈ ಕ್ರಮ ತಿರುಗುಮುರುಗಾಗಬಾರದು.

2. ಪ್ಲಗ್ ತೆಗೆದು ಆ ತೂತಿಗೆ ಡಯಲ್ ಗೇಜ್ ಕೂರಿಸಿ. ಕ್ರ್ಯಾಂಕನ್ನು ಕೈಯಿಂದ ತಿರುಗಿಸುತ್ತಾ, ಮುಳ್ಳು ವಾಪಸ್ ತಿರುಗುವ ಜಾಗದಲ್ಲಿ ಸೊನ್ನೆ ಮಾಡಿ. ಅದೇ ಪಿಸ್ಟನ್ನಿನ ತುದಿ.

3. ಪಾಯಿಂಟಿನ ವೈರಿಗೂ ಎಂಜಿನ್ನಿನ ಲೋಹಕ್ಕೂ ನಡುವೆ ಚಿಕ್ಕ 6 ವೋಲ್ಟ್ ಬಲ್ಬ್ ಜೋಡಿಸಿ, ಇಗ್ನಿಷನ್ ಆನ್ ಮಾಡಿ. ಪಾಯಿಂಟ್ ತೆರೆದ ಕ್ಷಣ ಬಲ್ಬ್ ಹೊತ್ತುತ್ತದೆ. ಕಿಡಿ ಹಾರುವ ಕ್ಷಣವೂ ಅದೇ. ಈ ಹಂತಕ್ಕೆ ಮೊದಲು ಪ್ಲಗ್ ವೈರನ್ನು ಪ್ಲಗ್ ತೂತಿನಿಂದ ದೂರವಿಟ್ಟು ಅರ್ತ್ ಮಾಡಿರಿ. ಅಲ್ಲಿ ಪೆಟ್ರೋಲ್ ಆವಿ ಇರುತ್ತದೆ.

4. ಪಿಸ್ಟನ್ನನ್ನು ಸ್ವಲ್ಪ ಹಿಂದಕ್ಕೆ ಒಯ್ದು, ಎಂಜಿನ್ ಓಡುವ ದಿಕ್ಕಿನಲ್ಲೇ ತನ್ನಿ. ನಿಮ್ಮ ಮಾದರಿಯ ಕೈಪಿಡಿಯಲ್ಲಿ ಹೇಳಿದಷ್ಟು ಮಿಲಿಮೀಟರ್ ಬಾಕಿ ಇರುವಾಗ ಬಲ್ಬ್ ಹೊತ್ತಬೇಕು. ತಡವಾಗಿ ಹೊತ್ತಿದರೆ ಪ್ಲೇಟನ್ನು ಎಂಜಿನ್ ತಿರುಗುವ ದಿಕ್ಕಿಗೆ ವಿರುದ್ಧವಾಗಿ, ಬೇಗ ಹೊತ್ತಿದರೆ ಅದೇ ದಿಕ್ಕಿಗೆ ಸರಿಸಿ. ಸ್ಕ್ರೂ ಬಿಗಿ ಮಾಡಿದ ಮೇಲೆ ಇನ್ನೊಮ್ಮೆ ಪರೀಕ್ಷಿಸಿ.

ಸ್ಕ್ರೂಡ್ರೈವರ್ ಬಿಟ್ಟು ಅಂದಾಜು ನೋಡಿದರೆ ಆಗದೇ? ಈ ಎಂಜಿನ್ನಿನ ಸ್ಟ್ರೋಕ್ 75 ಮಿ.ಮೀ. ನಮ್ಮ ಲೆಕ್ಕದಲ್ಲಿ, 3 ಮಿ.ಮೀ. ಬದಲು 4 ಮಿ.ಮೀ. ಆದರೆ ಟೈಮಿಂಗ್ 3 ಡಿಗ್ರಿಗೂ ಹೆಚ್ಚು ಮುಂದೆ ಹೋಗುತ್ತದೆ. ಕಣ್ಣಳತೆಯಲ್ಲಿ ಒಂದು ಮಿಲಿಮೀಟರ್ ತಪ್ಪುವುದು ಕಷ್ಟವೇನಲ್ಲ.

ಕೊನೆಯ ಮಾತು

ಹೊಸ ಪಾಯಿಂಟಿನ ಹಿಮ್ಮಡಿ ಮೊದಲ ಕೆಲವು ನೂರು ಕಿಲೋಮೀಟರಿನಲ್ಲಿ ಸವೆದು ಗ್ಯಾಪ್ ಕಡಿಮೆಯಾಗುತ್ತದೆ. ಆದ್ದರಿಂದ ರನ್ನಿಂಗ್-ಇನ್ ಮುಗಿದ ಮೇಲೆ ಗ್ಯಾಪ್, ಟೈಮಿಂಗ್ ಎರಡನ್ನೂ ಮತ್ತೆ ನೋಡಿಸಿ. ಅನುಭವಿ ಮೆಕ್ಯಾನಿಕ್ಕಿನ ಕಿವಿಯನ್ನು ನಾವು ಅಲ್ಲಗಳೆಯುತ್ತಿಲ್ಲ. ಎಲ್ಲೋ ತಪ್ಪಿದೆ ಎಂದು ಆ ಕಿವಿ ಹೇಳಬಲ್ಲದು. ಎಷ್ಟು ತಪ್ಪಿದೆ ಎಂದು ಹೇಳಲು ಗೇಜೇ ಬೇಕು.